ಸಾಮ್ಯವೂ ಸಂಬಂಧವೂ: ತುರ್ಕಿ–ಮಂಗೋಲ್ ಮತ್ತು ಕನ್ನಡ–ಮರಾಠಿ

ಪುಣೆಯ ವಾಯವ್ಯಕ್ಕಿರುವ ನಿಗಡಿಯು ಪಿಂಪ್ರಿ–ಚಿಂಚವಾಡ ಕೈಗಾರಿಕಾ ನಗರದ ಒಂದು ಭಾಗ. 1972ರಲ್ಲಿ ಸ್ಥಾಪಿತವಾದ ನವನಗರ ಪ್ರಾಧಿಕರಣವು ಇಲ್ಲಿ ವಸತಿ ಬಡಾವಣೆಗಳನ್ನು ರೂಪಿಸಿತು. ಕಾರ್ಖಾನೆಗಳ ಉದ್ಯೋಗವನ್ನರಸಿ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳೂ ಇಲ್ಲಿ ನೆಲೆಸಿದವು. ಇಂತಹ ಮನೆಯೊಳಗೆ ‘ಬರತೀನಿ ಅಂತ ಬರದಾನ’ ಎಂಬ ಮಾತು ಕೇಳಿಬಂದರೆ ನೆರೆಮನೆಯಲ್ಲಿ ‘ಯೇತೋ ಮ್ಹಣೂನ್ ಲಿಹಿಲಂ’ ಎಂಬುದು ಕೇಳಿಬರುತ್ತದೆ. ಪದಗಳು ಬೇರೆ, ಅವುಗಳ ಅನುಕ್ರಮ ಒಂದೇ. ‘ಅಂತ’ ಎಂಬುದು ‘ಎನ್’ ಧಾತುವಿನಿಂದಲೂ ‘ಮ್ಹಣೂನ್’ ಎಂಬುದು ‘ಹೇಳು’ ಎಂಬ ಅರ್ಥದ ‘ಮ್ಹಣ್’ ಧಾತುವಿನಿಂದಲೂ ಬಂದಿವೆ. ಎರಡೂ ಮಾತನ್ನಾಡುವ ಮಗುವಿಗೆ ಇಲ್ಲಿ ವ್ಯಾಕರಣ ಒಂದೇ, ನಿಘಂಟು ಮಾತ್ರ ಎರಡು ಎನ್ನಬಹುದು.

ಇದೇ ವಾಕ್ಯವನ್ನು ತುರ್ಕಿಯಲ್ಲಿ ‘ಗೆಲೆಜೆಯಿಮ್ ದಿಯೆ ಯಾಜ್‌ದಿ’ ಎಂದೂ ಮಂಗೋಲ್‌ನಲ್ಲಿ ‘ಇರ್ನೆ ಗೆಜ್ ಬಿಚ್‌ಸೆನ್’ ಎಂದೂ ಹೇಳಬಹುದು. ‘ದಿಯೆ’, ‘ಗೆಜ್’ ಇವೆರಡೂ ಆಯಾ ಭಾಷೆಯ ‘ಹೇಳು’ ಎಂಬರ್ಥದ ಧಾತುವಿನ ರೂಪಗಳೇ. ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುವುದು, ವಿಶೇಷಣವು ವಿಶೇಷ್ಯಕ್ಕೆ ಮೊದಲೇ ನಿಲ್ಲುವುದು, ಪ್ರತ್ಯಯಗಳು ಒಂದರ ಹಿಂದೆ ಒಂದು ಅಂಟಿಕೊಳ್ಳುವುದು, ಇವೆಲ್ಲ ಕನ್ನಡಿಗನಿಗೆ ಪರಿಚಿತ ಲಕ್ಷಣಗಳು. ತುರ್ಕಿಯ ‘ಎವ್-ಲೆರ್-ದೆನ್’ ಎಂಬುದನ್ನು ‘ಮನೆ-ಗಳ್-ಇಂದ’ ಎಂದು ಬಿಡಿಬಿಡಿಯಾಗಿಯೇ ಅನುವಾದಿಸಬಹುದು.

ಈ ಬಗೆಯ ಸಾಮ್ಯವೇ ರಾಬರ್ಟ್ ಕಾಲ್ಡ್‌ವೆಲ್‌ನನ್ನು ಸೆಳೆದಿತ್ತು. 1856ರಲ್ಲಿ ಪ್ರಕಟವಾದ ತನ್ನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಆತ ದ್ರಾವಿಡ ವರ್ಗವನ್ನು ‘ಸಿಥಿಯನ್’ ಎಂದು ಕರೆದ ದೊಡ್ಡ ಬಳಗದೊಡನೆ ಜೋಡಿಸಲು ಯತ್ನಿಸಿದ. ಫಿನ್ನಿಶ್, ತುರ್ಕಿ, ಮಂಗೋಲ್‌ಗಳೆಲ್ಲ ಆ ಬಳಗಕ್ಕೆ ಸೇರಿದ್ದವು. ದ್ರಾವಿಡ ಭಾಷೆಗಳ ಪರಸ್ಪರ ಸಂಬಂಧವನ್ನು ಕುರಿತು ಆತ ಹೇಳಿದ್ದು ಶಾಸ್ತ್ರದಲ್ಲಿ ನಿಂತಿತು. ಸಿಥಿಯನ್ ಸಂಬಂಧವನ್ನು ಕುರಿತು ಹೇಳಿದ್ದು ನಿಲ್ಲಲಿಲ್ಲ. ಒಂದೇ ಗ್ರಂಥದ ಎರಡು ವಾದಗಳಿಗೆ ಹೀಗೆ ಬೇರೆ ಬೇರೆ ಗತಿಯಾದುದೇಕೆ ಎಂಬುದು ವಿಚಾರಾರ್ಹ.

ದ್ರಾವಿಡ ಭಾಷೆಗಳಲ್ಲಿ ಸಂಖ್ಯಾವಾಚಕ, ಸರ್ವನಾಮ, ಅವಯವವಾಚಕಗಳಂತಹ ಮೂಲ ಪದಗಳೇ ಕ್ರಮಬದ್ಧವಾಗಿ ಹೊಂದಿಕೊಳ್ಳುತ್ತವೆ. ತಮಿಳಿನ ಪಾಲ್, ಪಲ್, ಪುಲಿಗಳಿಗೆ ಹೊಸಗನ್ನಡದಲ್ಲಿ ಹಾಲು, ಹಲ್ಲು, ಹುಲಿ. ತಮಿಳು, ತೆಲುಗುಗಳ ‘ಚೆವಿ’ಗೆ ಕನ್ನಡದಲ್ಲಿ ‘ಕಿವಿ’. ಈ ಪರೀಕ್ಷೆಯನ್ನು ತುರ್ಕಿ–ಮಂಗೋಲ್‌ಗಳಿಗೆ ಒಡ್ಡಿದರೆ ಫಲ ನಿರಾಶಾದಾಯಕ. ತುರ್ಕಿಯ ಬಿರ್, ಇಕಿ, ಉಚ್. ಮಂಗೋಲ್‌ನ ನೆಗ್, ಹೊಯೊರ್, ಗುರವ್. ನಾಲ್ಕು ಎಂಬರ್ಥದ ‘ದೋರ್ತ್’ ಮತ್ತು ‘ದೊರೊವ್’ ಮಾತ್ರ ಪರಸ್ಪರ ಹೋಲುತ್ತವೆ. ಕಣ್ಣಿಗೆ ಅಲ್ಲಿ ‘ಗೋಜ್’, ಇಲ್ಲಿ ‘ನುದ್’; ಕೈಗೆ ಅಲ್ಲಿ ‘ಎಲ್’, ಇಲ್ಲಿ ‘ಗರ್’. ಆದರೆ ಕಪ್ಪಿಗೆ ‘ಕರಾ’–‘ಹರ್’, ಚಿನ್ನಕ್ಕೆ ‘ಅಲ್ತಿನ್’–‘ಅಲ್ತ್’, ಆಕಾಶ ಅಥವಾ ದೇವರಿಗೆ ‘ತಾನ್ರಿ’–‘ತೆಂಗೆರ್’. ಕೈಯಿಂದ ಕೈಗೆ ಸಾಗಬಲ್ಲ ಪದಗಳಲ್ಲಿ ಸಾಮ್ಯ ಹೇರಳ; ಮನೆಬಿಟ್ಟು ಕದಲದ ಪದಗಳಲ್ಲಿ ವಿರಳ.

ಹಾಗೆಂದು ಇವುಗಳ ಸಾಜಾತ್ಯವನ್ನು ಪ್ರತಿಪಾದಿಸಿದವರು ಸಾಮಾನ್ಯರಲ್ಲ. ರಾಮ್‌ಸ್ಟೆಡ್ತ್, ನಿಕೊಲಸ್ ಪೊಪ್ಪೆ ಮೊದಲಾದವರು ‘ಅಲ್ತಾಯಿ’ ಎಂಬ ಭಾಷಾಪರಿವಾರವನ್ನು ಧ್ವನಿನಿಯಮಗಳ ಮೇಲೆಯೇ ಕಟ್ಟಿದರು. ಅವರ ಮುಖ್ಯ ಆಧಾರಗಳಲ್ಲೊಂದು ತುರ್ಕಿಯ ಜಕಾರಕ್ಕೆ ಮಂಗೋಲ್‌ನಲ್ಲಿ ರಕಾರ ಬರುವುದು: ಎತ್ತಿಗೆ ‘ಓಕುಜ್’–‘ಉಹೆರ್’, ಅವಳಿಗೆ ‘ಇಕಿಜ್’–‘ಇಹೆರ್’. ಇಷ್ಟು ಕ್ರಮಬದ್ಧವಾದುದು ಎರವಲಾಗಿರಲು ಸಾಧ್ಯವೇ ಎಂಬುದು ಅವರ ಪ್ರಶ್ನೆ.

ಇದಕ್ಕೆ ಉತ್ತರ ಕೊಡಲು ಕನ್ನಡ ವಿದ್ಯಾರ್ಥಿಯು ದೂರ ಹೋಗಬೇಕಾಗಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡಕ್ಕೆ ಬರುವಾಗ ಹೊಂದುವ ವಿಕಾರಗಳನ್ನು ಸೂತ್ರಗಳಲ್ಲಿ ಹಿಡಿದಿಟ್ಟಿದ್ದಾನೆ. ಯೋಗಿ–ಜೋಗಿ, ಯಾತ್ರೆ–ಜಾತ್ರೆ, ಯಶ–ಜಸ ಎಂಬಲ್ಲಿ ಯಕಾರಕ್ಕೆ ಜಕಾರ ಬರುವುದು ತುರ್ಕಿ–ಮಂಗೋಲ್‌ಗಳ ಜಕಾರ–ರಕಾರದಷ್ಟೇ ಕ್ರಮಬದ್ಧ. ಈ ಶಬ್ದಗಳು ಪ್ರಾಕೃತದ ಮೂಲಕ ಬಂದ ಎರವಲುಗಳೆಂಬುದು ನಿರ್ವಿವಾದ. ಎಂದರೆ ಒಂದು ಮೂಲದಿಂದ ಒಂದು ಕಾಲದಲ್ಲಿ ಬಂದ ಎರವಲುಗಳಲ್ಲೂ ಧ್ವನಿಕ್ರಮ ಇರಬಲ್ಲದು. ಕ್ರಮವು ಜ್ಞಾತಿತ್ವಕ್ಕೆ ಅವಶ್ಯಕ, ಆದರೆ ಅದೊಂದೇ ಸಾಲದು. ಜೆರಾರ್ಡ್ ಕ್ಲಾಸನ್ 1956ರಲ್ಲಿಯೂ ಗೆರ್ಹಾರ್ಡ್ ಡೋರ್ಫರ್ ಆನಂತರವೂ ಅಲ್ತಾಯಿ ವಾದವನ್ನು ವಿರೋಧಿಸಿದ್ದು ಇಂತಹ ನೆಲೆಯಲ್ಲೇ. ಇಂದಿನ ಚುವಾಷ್ ಭಾಷೆಯಲ್ಲಿ ಉಳಿದಿರುವ ರಕಾರದ ತುರ್ಕಿ ಶಾಖೆಯೊಂದರಿಂದ ಮಂಗೋಲ್ ಈ ಪದಗಳನ್ನು ಬಹು ಹಿಂದೆಯೇ ಪಡೆಯಿತೆಂಬುದು ಆ ಪಕ್ಷದ ವಿವರಣೆ. 2003ರಲ್ಲಿ ಸ್ಟಾರೋಸ್ಟಿನ್ ಮತ್ತು ಸಂಗಡಿಗರು ಅಲ್ತಾಯಿ ನಿರುಕ್ತ ಕೋಶವನ್ನು ಪ್ರಕಟಿಸಿದರು. ಹಿಂದೆ ಆ ವಾದದ ಪರವಾಗಿದ್ದ ವೋವಿನ್ 2005ರಲ್ಲಿ ಅದನ್ನು ತೀಕ್ಷ್ಣವಾಗಿ ವಿಮರ್ಶಿಸಿದರು. ಸರ್ವನಾಮಗಳ ಸಾಮ್ಯವನ್ನು (‘ಬೆನ್’–‘ಬಿ’) ವಾದಿಗಳು ಇನ್ನೂ ಮುಂದಿಡುತ್ತಾರೆ. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೂ ಬಹುಸಂಖ್ಯಾತ ಭಾಷಾವಿಜ್ಞಾನಿಗಳು ಇಂದು ಅಲ್ತಾಯಿಯನ್ನು ಸಿದ್ಧವಾದ ಪರಿವಾರವೆಂದು ಒಪ್ಪುವುದಿಲ್ಲ.

ಕನ್ನಡ–ಮರಾಠಿಗಳ ವಿಷಯದಲ್ಲಿ ಇಂತಹ ಗೊಂದಲವಿಲ್ಲ. ಮರಾಠಿಯ ಹಿಂದೆ ಪ್ರಾಕೃತ, ಸಂಸ್ಕೃತಗಳ ದೀರ್ಘ ಲಿಖಿತ ಪರಂಪರೆ ಇದೆ. ಅದು ಇಲ್ಲದೆ ಇಂದಿನ ಆಡುಮಾತುಗಳಷ್ಟೇ ದೊರೆತಿದ್ದರೆ ಏನಾಗುತ್ತಿತ್ತು? ತೂಪ್, ಚೇಂಡೂ, ಅಕ್ಕಾ, ಅಣ್ಣಾಗಳನ್ನೂ ‘ಮ್ಹಣೂನ್’ ಪ್ರಯೋಗವನ್ನೂ ಕಂಡ ವಿದ್ವಾಂಸನು ಇವನ್ನು ಸೋದರ ಭಾಷೆಗಳೆಂದು ಸಾರುವ ಅಪಾಯವಿತ್ತು. ಕೇಳುಗನನ್ನು ಒಳಗೊಳ್ಳುವ ‘ಆಪಣ್’, ಹೊರಗಿಡುವ ‘ಆಮ್ಹೀ’ ಎಂಬ ಭೇದವನ್ನು ಮರಾಠಿಯು ದ್ರಾವಿಡ ಪ್ರಭಾವದಿಂದ ಪಡೆಯಿತೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಹೊಸಗನ್ನಡಕ್ಕಾದರೋ ಎರಡಕ್ಕೂ ‘ನಾವು’ ಒಂದೇ. ಸಾಲ ಕೊಟ್ಟ ಬಳಗದ ಮನೆಯಲ್ಲೇ ಒಡವೆ ಕಳೆದುಹೋಗಿದೆ! ಶಂ.ಬಾ. ಜೋಶಿಯವರು ಸ್ಥಳನಾಮಗಳ ಆಧಾರದಿಂದ ಮಹಾರಾಷ್ಟ್ರದಲ್ಲಿ ಕನ್ನಡದ ಹಳೆಯ ಹರಹನ್ನು ಶೋಧಿಸಿದರು. ಆ ಶೋಧನೆಯು ನೆರೆಹೊರೆಯ ಚರಿತ್ರೆಗೆ ಸಾಕ್ಷಿಯಾಗುತ್ತದೆಯೇ ಹೊರತು ಮರಾಠಿಯು ಕನ್ನಡದ ಮಗಳೆಂಬ ಉತ್ಸಾಹದ ಮಾತಿಗೆ ಅಲ್ಲ.

ಸಂಪರ್ಕವು ಎಷ್ಟು ಆಳಕ್ಕಿಳಿಯಬಲ್ಲದೆಂಬುದನ್ನು ಸಾಂಗಲಿ ಜಿಲ್ಲೆಯ ಕುಪ್‌ವಾಡ ತೋರಿಸಿಕೊಟ್ಟಿತು. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಕೂಡಿದ ಆ ಊರಿನ ಮಾತನ್ನು ಗಂಪರ್ಜ್ ಮತ್ತು ವಿಲ್ಸನ್ ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. ‘ಇದು ನಮ್ಮ ಮನೆ’ ಎಂದರೆ ಸಾಕಾಗುವಲ್ಲಿ ಅಲ್ಲಿನ ಕನ್ನಡಿಗರು ಮರಾಠಿಯ ‘ಆಹೇ’ಯಂತೆ ‘ಐತಿ’ಯನ್ನು ಸೇರಿಸುತ್ತಿದ್ದರು. ವಾಕ್ಯರಚನೆ ಬಹುಮಟ್ಟಿಗೆ ಒಂದಾಗಿದ್ದರೂ ಮನೆಮಾತಿನ ಮೂಲ ಪದಗಳು ಬೇರೆಯಾಗಿಯೇ ಉಳಿದಿದ್ದವು. ಇಂತಹ ಸಮಾನತೆಯನ್ನು ವಿವರಿಸಲೆಂದೇ ಎಮಿನೋ 1956ರಲ್ಲಿ ಭಾರತವನ್ನು ಒಂದು ಭಾಷಾಕ್ಷೇತ್ರವೆಂದು ನಿರೂಪಿಸಿದ್ದರು. ಮಧ್ಯ ಏಷ್ಯದ ಹುಲ್ಲುಗಾವಲನ್ನೂ ಅಂತಹುದೇ ಕ್ಷೇತ್ರವೆಂದು ಕಾಣುವುದು ಹೆಚ್ಚು ಯುಕ್ತವೆನಿಸುತ್ತದೆ.

ಆ ಹುಲ್ಲುಗಾವಲಿನ ಪದಗಳು ಪಾರಸಿಯ ಮೂಲಕ ಕನ್ನಡಕ್ಕೂ ಬಂದಿವೆ. ‘ದರೋಗ’ ಮಂಗೋಲ್ ಮೂಲದ್ದು. ‘ಉರ್ದು’ ಎಂಬ ಹೆಸರು ಬಿಡಾರ, ಸೈನ್ಯ ಎಂಬರ್ಥದ ತುರ್ಕಿ ಶಬ್ದದಿಂದ ಬಂದುದು. ಹೈದರಾಲಿಯ ಬಿರುದಿನಲ್ಲಿಯೂ ಹಳೆಯ ಮೈಸೂರಿನ ‘ರಾವ್ ಬಹದ್ದೂರ್’ಗಳಲ್ಲಿಯೂ ಇರುವ ‘ಬಹದ್ದೂರ್’ ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್‌ನಲ್ಲಿಯೂ ಇದೆ. ‘ಕೆಂಪು ವೀರ’ ಎಂಬುದು ಆ ಊರ ಹೆಸರಿನ ಅರ್ಥ. ಈ ಶಬ್ದವನ್ನು ತುರ್ಕಿಯು ಮಂಗೋಲ್‌ಗೆ ಕೊಟ್ಟಿತೋ, ಮಂಗೋಲ್ ತುರ್ಕಿಗೆ ಕೊಟ್ಟಿತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.