ಉದ್ದ ಬೆರಳಿನ ಮನೆತನ

ಅಪ್ಪನ ಕಡೆಯವರೆಲ್ಲ ಎತ್ತರದ ಆಳುಗಳು. ಕೈಕಾಲು ನೀಳ, ಕಣ್ಣಿಗೆ ದಪ್ಪ ಕನ್ನಡಕ. ಅಪ್ಪ ನಲವತ್ತು ತುಂಬುವ ಮೊದಲೇ ಗದ್ದೆಯಲ್ಲಿ ಎದೆ ಹಿಡಿದುಕೊಂಡು ಕುಸಿದಾಗ ಹಾರ್ಟ್ ಅಟ್ಯಾಕ್ ಅಂತ ಊರೇ ತೀರ್ಮಾನಿಸಿತ್ತು. ಮುಂದೆ ನನ್ನ ಮಂಡಿಗೆ ಒಬ್ಬರು, ಮಗನ ಡೊಂಕು ಬೆನ್ನಿಗೆ ಇನ್ನೊಬ್ಬರು ಔಷಧಿ ಬರೆದರು. ಮನೆಯಲ್ಲಿ ಯಾರಿಗೆ ಏನಾಗಿತ್ತು ಅಂತ ಯಾರೂ ಕೇಳಲಿಲ್ಲ.

ಕೇಳಿದ್ದು ಕಣ್ಣಿನ ಡಾಕ್ಟರು. ಮಗನ ಕಣ್ಣಿಗೆ ಡ್ರಾಪ್ಸ್ ಹಾಕಿ ನೋಡಿದವರು, ಲೆನ್ಸ್ ಜಾಗ ಬಿಟ್ಟು ಮೇಲಕ್ಕೆ ಸರಿದಿದೆ ಅಂದರು. ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಹಿಡಿಯಲು ಹೇಳಿದರು. ಹೆಬ್ಬೆರಳಿನ ಉಗುರು ಪೂರ್ತಿ ಕಿರುಬೆರಳಿನಾಚೆ ಇಣುಕಿತು. ಪಕ್ಕದಲ್ಲಿ ಕೂತಿದ್ದ ನಾನೂ ಹಿಡಿದು ನೋಡಿದೆ, ನನ್ನದೂ ಅಷ್ಟೇ. "ಇಬ್ಬರೂ ಎಕೋ ಮಾಡಿಸಿಬಿಡಿ ಅಮ್ಮ" ಅಂದರು. ಕಣ್ಣು ತೋರಿಸಲು ಹೋದವರಿಗೆ ಎದೆಯ ಪರೀಕ್ಷೆ!

ಹೃದಯದಿಂದ ಹೊರಡುವ ಮಹಾಪಧಮನಿಯ ಬುಡ ನನಗೆ 4.3 ಸೆಂಟಿಮೀಟರ್‌ಗೆ ಹಿಗ್ಗಿತ್ತು. ಮಾರ್ಫನ್ ಸಿಂಡ್ರೋಮ್. ಎಫ್‌ಬಿಎನ್1 ಜೀನ್‌ನಲ್ಲಿ ದೋಷವಿದ್ದರೆ ಫೈಬ್ರಿಲಿನ್ ಎಂಬ ಪ್ರೋಟೀನ್ ಕೆಡುತ್ತದೆ. ಕಣ್ಣಿನ ಲೆನ್ಸನ್ನು ಹಿಡಿದಿರುವ ನವಿರು ದಾರಕ್ಕೂ ರಕ್ತನಾಳದ ಗೋಡೆಗೂ ಬೇಕಾದದ್ದು ಅದೇ. ಬಿಪಿ ಇಲ್ಲದಿದ್ದರೂ ನಾಳದ ಮೇಲಿನ ಒತ್ತಡ ತಗ್ಗಿಸಲು ಬಿಪಿ ಮಾತ್ರೆ ಶುರುವಾಯಿತು. 5 ಸೆಂಟಿಮೀಟರ್ ಆಸುಪಾಸಿಗೆ ಬಂದರೆ, ಹರಿಯುವ ಮೊದಲೇ ಆಪರೇಷನ್. ಮಗನ ಕಬಡ್ಡಿ ನಿಂತಿತು; ಆ ಸಿಟ್ಟು ಇನ್ನೂ ಇಳಿದಿಲ್ಲ.

ಇಂಥದ್ದಕ್ಕೆ ಹೃದಯದ ಡಾಕ್ಟರೊಬ್ಬರೇ ಸಾಲದು, ಜೆನೆಟಿಕ್ಸ್‌ನವರೂ ಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕೆಎಂಸಿ ಕಡೆ ಅಂಥವರು ಸಿಗುತ್ತಾರೆ. ಹೋಗುವಾಗ ಹಳೇ ಎಕೋ ರಿಪೋರ್ಟುಗಳ ಜೊತೆ, ಯಾರು ಯಾವ ವಯಸ್ಸಿಗೆ ಹೇಗೆ ತೀರಿಕೊಂಡರು ಅಂತ ಬರೆದುಕೊಂಡು ಹೋಗಿ. ನನ್ನನ್ನು ಸೋದರಮಾವನಿಗೆ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ ನೆಂಟರು ನನ್ನಮ್ಮನ ಮೇಲೆ ಹೊರಿಸಿದ್ದ ಆರೋಪ ಬಿದ್ದುಹೋಗಿದ್ದು ಅಲ್ಲೇ. ಸಂಬಂಧದಲ್ಲಿ ಮದುವೆಯಾಗಲಿ ಬಿಡಲಿ, ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಪರ್ಸಿನಲ್ಲಿ ಒಂದು ಚೀಟಿ ಇಟ್ಟಿದ್ದೇನೆ: ನನಗೆ ಮಾರ್ಫನ್ ಇದೆ, ಎದೆ ಸೀಳಿದಂಥ ನೋವು ಬಂದರೆ ಇಸಿಜಿ ಸರಿಯಿದೆ ಅಂತ ಮನೆಗೆ ಕಳಿಸಬೇಡಿ, ಸಿಟಿ ಮಾಡಿಸಿ. ಸಿಪ್ರೊಫ್ಲಾಕ್ಸಸಿನ್ ಥರದ ಆಂಟಿಬಯೋಟಿಕ್ ಬೇಡ ಅಂತಲೂ ಅದರಲ್ಲಿದೆ.

ಅಣ್ಣನನ್ನು ಪರೀಕ್ಷೆಗೆ ಒಪ್ಪಿಸುವುದೇ ಕಷ್ಟ. "ಕಲ್ಲು ತಿಂದು ಅರಗಿಸ್ಕೋತೀನಿ, ನನಗೇನಾಗಿದೆ?" ಅನ್ನುತ್ತಾನೆ. ಮಗಳ ಮದುವೆ ಹೊತ್ತಲ್ಲಿ ಇದೆಲ್ಲ ಆಚೆ ಬರಬಾರದು ಎಂಬ ಭಯವೂ ಇತ್ತು. ಬಸುರಿಯಾದಾಗ ಈ ನಾಳ ಹರಿಯುವ ಅಪಾಯ ಹೆಚ್ಚು ಅಂತ ಅತ್ತಿಗೆಗೆ ಬಿಡಿಸಿ ಹೇಳಿದೆ. ಅವರೇ ಮಗಳನ್ನು ಕರೆತಂದರು. ನನ್ನಲ್ಲಿ ಸಿಕ್ಕ ದೋಷ ಅವಳಲ್ಲಿಲ್ಲ. ಅಣ್ಣನಿಗೆ ಈಗ ಅದೇ ನೆಪ. ಮಗಳಿಗೆ ಬಂದಿಲ್ಲ ಅಂದಮಾತ್ರಕ್ಕೆ ಅಪ್ಪನಿಗಿಲ್ಲ ಅಂತಲ್ಲ ಎಂದು ಡಾಕ್ಟರು ಚೀಟಿಯಲ್ಲಿ ಬರೆದೇ ಕೊಟ್ಟಿದ್ದಾರೆ. ಅತ್ತಿಗೆ ಅದನ್ನು ಟಿವಿ ಮೇಲೆ ಅಂಟಿಸಿದ್ದಾರೆ.