ತೊಟ್ಟಿಯ ಮೀನೂ ಮಡಿಯ ಸೊಪ್ಪೂ

ಮೀನನ್ನೂ ಸೊಪ್ಪನ್ನೂ ಒಂದೇ ನೀರಿನಿಂದ ಬೆಳೆಸುವ ಕ್ರಮಕ್ಕೆ ಅಕ್ವಾಪೋನಿಕ್ಸ್ ಎಂದು ಹೆಸರು. ಪರದೇಶಗಳಲ್ಲಿ ಕೆಲವರು ಇದರಲ್ಲಿ ಟ್ರೌಟ್ ಮೀನನ್ನು ಸಾಕುವರು. ನಮ್ಮ ನೆರೆಯ ನೀಲಗಿರಿಯ ಅವಲಾಂಚಿಯಲ್ಲಿಯೂ 1907ರಲ್ಲಿ ಇದರ ಮರಿಮನೆಯು ಕಟ್ಟಲ್ಪಟ್ಟಿತು. ಆದರೆ ಅದು ಚಳಿನೀರಿನ ಮೀನು. ನೀರಿನ ಉಷ್ಣವು 20 ಡಿಗ್ರಿ ಸೆಲ್ಸಿಯಸನ್ನು ಮೀರಿದರೆ ಬಳಲುವದು. ಆದದರಿಂದ ಕೃಷ್ಣರಾಜನಗರದ ಸೀಮೆಯವರು ಬಿಸಿಲನ್ನು ತಾಳುವ ಸಾಮಾನ್ಯ ಗೆಂಡೆಯನ್ನು ಆರಿಸಿಕೊಳ್ಳುವದು ಲೇಸು.

1. ಇದರ ಗುಟ್ಟೇನು? ಮೀನು ವಿಸರ್ಜಿಸುವ ಅಮೋನಿಯವು ವಿಷವಾದದ್ದು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿಯೂ ಆಮೇಲೆ ನೈಟ್ರೇಟಾಗಿಯೂ ಮಾರ್ಪಡಿಸುವವು. ಮೊದಲಿನ ಎರಡು ಮೀನನ್ನು ಕೊಲ್ಲುವವು. ಕಡೆಯದು ಸೊಪ್ಪಿಗೆ ಗೊಬ್ಬರವಾಗುವದು.

2. ಹೇಗೆ ಮಾಡತಕ್ಕದ್ದು? ತೊಟ್ಟಿಯ ನೀರನ್ನು ಪಂಪಿನಿಂದ ಜಲ್ಲಿ ತುಂಬಿದ ಮಡಿಗೆ ಹಾಯಿಸಿ, ತಿರಿಗಿ ತೊಟ್ಟಿಗೆ ಇಳಿಯಬಿಡಬೇಕು. ಮಡಿಯಲ್ಲಿ ದಂಟು, ಹರಿವೆಗಳನ್ನು ನೆಡಬಹುದು. ಸೂಕ್ಷ್ಮಜೀವಿಗಳು ಜಲ್ಲಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುವದು. ಅಷ್ಟರೊಳಗೆ ಆತುರಪಟ್ಟು ತೊಟ್ಟಿ ತುಂಬ ಮರಿ ಬಿಟ್ಟವನು ಮರಿಗಳನ್ನೂ ಹಣವನ್ನೂ ಕಳಕೊಳ್ಳುವನು. ಮೊದಲು ಕೆಲವೇ ಮರಿಗಳನ್ನು ಬಿಡಿರಿ. ಅವು ಕೂಡಲೇ ತಿಂದು ಮುಗಿಸುವಷ್ಟೇ ಮೇವು ಹಾಕಿರಿ. ಉಳಿದ ಮೇವು ಕೊಳೆತು ವಿಷವಾಗುವದು.

3. ಯಾವದಕ್ಕೆ ಎಚ್ಚರವಾಗಿರಬೇಕು? ಕರೆಂಟು ಹೋಗಿ ಪಂಪು ನಿಂತರೆ, ಮೀನು ಕಿಕ್ಕಿರಿದ ತೊಟ್ಟಿಯಲ್ಲಿ ಪ್ರಾಣವಾಯು ಬೇಗನೆ ತೀರುವದು. ಮೀನುಗಳು ಮೇಲೆ ಬಂದು ಬಾಯಿ ತೆರೆಯುವದೇ ಅದರ ಗುರುತು. ಆಗ ಬಿಂದಿಗೆಯಿಂದ ನೀರನ್ನು ಮೊಗೆಮೊಗೆದು ಎತ್ತರದಿಂದ ಸುರಿಯಿರಿ. ಗಾಳಿಯು ನೀರಿನೊಳಗೆ ಬೆರೆಯುವದು. ಸೊಪ್ಪಿಗೆ ಹುಳದ ಔಷಧಿಯನ್ನು ಎಂದಿಗೂ ಹೊಡೆಯಬೇಡಿರಿ. ಮಡಿಗೆ ಬಿದ್ದ ವಿಷವು ಮೀನಿಗೂ ಮುಟ್ಟುವದು.

ಮೊದಲನೆಯ ವರುಷ ಮನೆಯವರು ಉಣ್ಣುವಷ್ಟು ದೊರೆತರೆ ಸಾಕು. ಕೈ ಪಳಗಿದ ಮೇಲೆ ಸಂತೆಯ ಯೋಚನೆ ಮಾಡಬಹುದು.