‘ಸಿನ್ಸ್’ ತಪ್ಪಿತೆಂದು ಮಾತು ನಿಲ್ಲಿಸಬೇಡಿ

ಪ್ರಶ್ನೆ: ನನಗೆ 36 ವರ್ಷ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಬಿ.ಕಾಂ ಮಾಡಿದೆ. ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಮೀಟಿಂಗ್‌ನಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಅಂದೆ. ಹೊಸದಾಗಿ ಸೇರಿದವರೊಬ್ಬರು ನಕ್ಕರು, ಮಿಕ್ಕವರೂ ನಕ್ಕರು. ಅಂದಿನಿಂದ ಬಾಯಿ ಬಿಡಲು ಭಯ. ಮೇಲ್ ಕಳಿಸುವ ಮೊದಲು ಮಗನಿಗೆ ತೋರಿಸುತ್ತೇನೆ. ನಾನು ಅಷ್ಟು ದಡ್ಡಿಯೇ?
– ಹೆಸರು ಬೇಡ, ನಾಗರಬಾವಿ

ಉತ್ತರ: ಖಂಡಿತ ಅಲ್ಲ. ನಾಲ್ಕು ಜನರ ಮುಂದೆ ನಗೆಪಾಟಲಾದರೆ ಯಾರ ಮನಸ್ಸಾದರೂ ಮುದುಡುತ್ತದೆ. ನಿಮಗಾದ ನೋವು ಸಹಜ. ಅದನ್ನು ‘ಇಷ್ಟು ಸಣ್ಣ ವಿಷಯಕ್ಕೆ ಬೇಜಾರೇ’ ಎಂದು ತಳ್ಳಿಹಾಕಬೇಡಿ.

ಆದರೆ ಆ ತಪ್ಪು ಎಲ್ಲಿಂದ ಬಂತು ನೋಡಿ. ನಾವು ‘ಸೋಮವಾರದಿಂದ’ ಅನ್ನುತ್ತೇವೆ, ‘ಮೂರು ವರ್ಷದಿಂದ’ ಅಂತಲೂ ಅನ್ನುತ್ತೇವೆ. ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಸಿನ್ಸ್, ಎರಡನೆಯದಕ್ಕೆ ಫಾರ್. ಹಿಂದಿಯವರು ತಮ್ಮ ‘ಸೇ’ಯಿಂದಾಗಿ ಇಲ್ಲೇ ಎಡವುತ್ತಾರೆ, ಜರ್ಮನ್ನರೂ ಎಡವುತ್ತಾರೆ. ತಾಯಿನುಡಿಯ ರೂಢಿಯಿಂದ ಆಗುವ ತಪ್ಪು ಇದು. ಇದಕ್ಕೂ ಬುದ್ಧಿಗೂ ಸಂಬಂಧವಿಲ್ಲ.

ಹಾಗಾಗಿ ತಿದ್ದಿಕೊಳ್ಳುವ ದಾರಿಯೂ ಕನ್ನಡದಲ್ಲೇ ಇದೆ. ಮಾತಾಡುವ ಮೊದಲು ಮನಸ್ಸಿನಲ್ಲೇ ಪ್ರಶ್ನೆ ಕೇಳಿಕೊಳ್ಳಿ. ‘ಯಾವಾಗಿನಿಂದ?’ ಎಂಬುದಕ್ಕೆ ಉತ್ತರವಾದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ಜೂನ್. ‘ಎಷ್ಟು ಕಾಲದಿಂದ?’ ಎಂಬುದಕ್ಕೆ ಉತ್ತರವಾದರೆ ಫಾರ್: ಫಾರ್ ಟೂ ಡೇಸ್, ಫಾರ್ ತ್ರೀ ಇಯರ್ಸ್. ಜೊತೆಗೆ ‘ಐ ಆಮ್’ ಬದಲು ‘ಐ ಹ್ಯಾವ್ ಬೀನ್’ ಬಳಸಿ. ಆಗ ನಿಮ್ಮ ವಾಕ್ಯ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’ ಎಂದಾಗುತ್ತದೆ.

ಮೇಲ್ ಬರೆಯುವಾಗ ‘ಒಳಗೆ’ ಎಂಬುದೂ ಹೀಗೇ ಕಾಡುತ್ತದೆ. ‘ಐದು ಗಂಟೆಯೊಳಗೆ ಕಳಿಸುತ್ತೇನೆ’ ಅನ್ನಲು ‘ಬೈ ಫೈವ್’ ಎನ್ನಿ. ‘ಎರಡು ದಿನದೊಳಗೆ’ ಅನ್ನಲು ‘ವಿದಿನ್ ಟೂ ಡೇಸ್’. ‘ಐದರವರೆಗೆ ಆಫೀಸಿನಲ್ಲಿರುತ್ತೇನೆ’ ಅನ್ನಲು ‘ಟಿಲ್ ಫೈವ್’. ಇನ್ನು ಗಂಟೆಗೆ ಅಟ್, ವಾರ ಮತ್ತು ತಾರೀಕಿಗೆ ಆನ್, ತಿಂಗಳು ಮತ್ತು ವರ್ಷಕ್ಕೆ ಇನ್. ಸದ್ಯಕ್ಕೆ ಇಷ್ಟು ಸಾಕು.

ದಿನಕ್ಕೆ ಐದು ವಾಕ್ಯ ಬರೆಯಿರಿ, ಅವು ನಿಮ್ಮ ಬದುಕಿನವೇ ಆಗಿರಲಿ: ಮನೆ ಬದಲಿಸಿದ್ದು, ಬಸ್ಸಿಗೆ ಕಾದದ್ದು, ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕಾದ ದಿನ. ಬರೆದದ್ದನ್ನು ಜೋರಾಗಿ ಓದಿ. ಮಗನಿಗೆ ತೋರಿಸುವುದನ್ನು ಮುಂದುವರಿಸಿ, ಆದರೆ ಮೊದಲು ನೀವೇ ತಿದ್ದಿ, ಆಮೇಲೆ ತೋರಿಸಿ. ನಿಮಗೆ ನಂಬಿಕೆಯಿರುವ ಸಹೋದ್ಯೋಗಿಯೊಬ್ಬರಿಗೆ ‘ತಪ್ಪಿದರೆ ಆಮೇಲೆ ನನಗೊಬ್ಬಳಿಗೇ ಹೇಳಿ’ ಎಂದು ಕೇಳಿಕೊಳ್ಳಿ.

ನಿಮ್ಮ ಮನೆಗೆ ಹತ್ತಿರದ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಈ ಸಂಸ್ಥೆ 1963ರಿಂದ ಇದೆ, ಅಲ್ಲಿ ಸಿನ್ಸ್. ಆರು ದಶಕಗಳಿಂದ ಇದೆ, ಇಲ್ಲಿ ಫಾರ್. ಕಲಿಸುವವರಿಗೇ ಕಲಿಕೆ ಮುಗಿದಿಲ್ಲ ಎಂದಮೇಲೆ ನಾವು ಏಕೆ ನಾಚಬೇಕು? ಸಾರ್ವಜನಿಕರಿಗೆ ತರಗತಿ ಇದೆಯೇ ಎಂದು ಅಲ್ಲಿ ಒಮ್ಮೆ ವಿಚಾರಿಸಿ.

ಇಷ್ಟಾದರೂ ಮೀಟಿಂಗ್ ಎಂದರೆ ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು, ಕೆಲಸ ಬಿಡುವ ಯೋಚನೆ ಹೆಚ್ಚುವುದು ಕಂಡರೆ ಆಪ್ತಸಮಾಲೋಚಕರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಅದು ಉಚಿತ.

ಇದನ್ನು ಓದುತ್ತಿರುವ ಉಳಿದವರಲ್ಲೂ ಒಂದು ವಿನಂತಿ. ಜೊತೆಯವರ ಇಂಗ್ಲಿಷ್ ತಪ್ಪಿದರೆ ಸಭೆಯಲ್ಲಿ ನಗಬೇಡಿ, ಆಮೇಲೆ ಪಕ್ಕಕ್ಕೆ ಕರೆದು ಹೇಳಿ. ಮತ್ತು ನೀವು, ಮುಂದಿನ ಮೀಟಿಂಗ್‌ನಲ್ಲಿ ಒಂದು ಮಾತಾದರೂ ಆಡಿ. ಲೆಕ್ಕ ಗೊತ್ತಿರುವುದು ನಿಮಗೆ. ಅದನ್ನು ನೀವೇ ಹೇಳಬೇಕು.